ಹೊಸ ಬ್ಯಾಟರಿಯ ಮೊದಲ ಚಾರ್ಜ್

ಬೆಳಿಗ್ಗೆ ಎದ್ದ ಕೂಡಲೇ ಜನ ಅಂಗೈ ನೋಡಿಕೊಳ್ಳುತ್ತಾರೆ, ದೇವರ ಫೋಟೊ ನೋಡುತ್ತಾರೆ. ಕಳೆದ ಮಳೆಗಾಲದುದ್ದಕ್ಕೂ ನಾನು ಮೇಲಿನ ಮನೆಯಿಂದ ಮೆಟ್ಟಿಲಿಳಿದು ಬಂದು ಅಪ್ಪನ ಮೊಬೈಲಿನ ಮೂಲೆಯಲ್ಲಿ ಚಾರ್ಜ್ ಎಷ್ಟಿದೆ ಅಂತ ನೋಡುತ್ತಿದ್ದೆ. ನೂರು. ಮಧ್ಯಾಹ್ನ ನೋಡಿದರೂ ನೂರು, ಸಂಜೆ ಕಾಫಿಗೆ ಇಳಿದಾಗಲೂ ನೂರು. ಹೊಸಬರು ಯಾರಾದರೂ ನೋಡಿದರೆ ಎಂಥ ಅಚ್ಚುಕಟ್ಟಿನ ಮನುಷ್ಯ ಅಂದುಕೊಳ್ಳಬೇಕು. ನನಗೆ ಮಾತ್ರ ಅದರ ಮೇಲೆ ನಂಬಿಕೆ ಇರಲಿಲ್ಲ. ಯಾಕೆಂದರೆ ಅದು ಸುಳ್ಳು ನೂರು. ಚಾರ್ಜರ್‌ನಿಂದ ಕಿತ್ತುಕೊಂಡು, ಗೇಟು ದಾಟಿ, ತಿರುವಿನ ತರಕಾರಿ ಅಂಗಡಿ ಮುಟ್ಟುವಷ್ಟರಲ್ಲಿ ಫೋನ್ ಸತ್ತು ಕೂರುತ್ತಿತ್ತು.

ಆ ಫೋನಿಗೆ ಒಂದು ಕರೆ ಬರಬೇಕಿತ್ತು. ಕಣ್ಣಾಸ್ಪತ್ರೆಯಿಂದ.

ಅಮ್ಮನ ಎಡಗಣ್ಣು ಎಂದೋ ಕೈಕೊಟ್ಟಿತ್ತು. ಬಲಗಣ್ಣಿನ ಕಾರ್ನಿಯ, ಅಂದರೆ ಕಣ್ಣಿನ ಮುಂಭಾಗದಲ್ಲಿ ಗಡಿಯಾರದ ಗಾಜಿನ ಹಾಗೆ ಕೂತಿರುತ್ತದಲ್ಲ, ಆ ಪದರ, ನಿಧಾನವಾಗಿ ಮಸುಕಾಗುತ್ತಾ ಬಂತು. ಮೊದಲು ಧಾರಾವಾಹಿಯವರ ಮುಖ ಹೋಯಿತು, ಆಮೇಲೆ ಅಕ್ಕಿಯೊಳಗಿನ ಕಲ್ಲು ಹೋಯಿತು, ಕೊನೆಗೆ ನಮ್ಮ ಮುಖಗಳೂ ಹೋದವು. ನಾನು ಬಂದರೆ ಚಪ್ಪಲಿ ಸದ್ದಿನಿಂದ ಗುರುತು ಹಿಡಿಯುತ್ತಿದ್ದಳು. ಯಾರಾದರೂ ದಾನ ಮಾಡಿದ ಕಣ್ಣಿನಿಂದ ಆ ಪದರ ತೆಗೆದು ಕೂರಿಸಿದರೆ ನೋಟ ಮರಳಬಹುದು ಅಂತ ಡಾಕ್ಟರು ಹೇಳಿ, ಹೆಸರು ಬರೆದುಕೊಂಡಿದ್ದರು. ಷರತ್ತು ಸರಳವಾಗಿತ್ತು. ಕಣ್ಣು ಸಿಕ್ಕಾಗ ಕರೆ ಮಾಡುತ್ತೇವೆ, ತಕ್ಷಣ ಹೊರಟು ಬರಬೇಕು. ಎರಡು ಮೂರು ಸಲ ಪ್ರಯತ್ನಿಸುತ್ತೇವೆ, ಫೋನ್ ಸಿಗದಿದ್ದರೆ ಸರದಿಯಲ್ಲಿ ನಿಮ್ಮ ನಂತರದವರಿಗೆ ಹೋಗುತ್ತದೆ.

ಹೆಸರು ಬರೆಸಲು ಹೋದ ದಿನ ನಾನು ಜೊತೆಗಿರಲಿಲ್ಲ. ಅಪ್ಪ ತಮ್ಮ ಮೊಬೈಲ್ ನಂಬರ್ ಕೊಟ್ಟರು. ಇನ್ನೊಂದು ನಂಬರ್ ಕೊಡಿ ಅಂದದ್ದಕ್ಕೆ ಮನೆಯ ಲ್ಯಾಂಡ್‌ಲೈನ್ ಕೊಟ್ಟು ಬಂದರು. ಆ ಲ್ಯಾಂಡ್‌ಲೈನ್ ನಮ್ಮ ರಸ್ತೆ ಅಗೆದಾಗ ಸತ್ತದ್ದು ಮತ್ತೆ ಏಳಲಿಲ್ಲ. ಅಪ್ಪನಿಗೆ ಅದು ಇವತ್ತಲ್ಲ ನಾಳೆ ರಿಪೇರಿಯಾಗುತ್ತದೆ ಅನ್ನುವ ನಂಬಿಕೆ. ವಿಷಯ ತಿಳಿದು ನಾನು ಆಸ್ಪತ್ರೆಗೆ ಫೋನ್ ಮಾಡಿ, ನನ್ನ ನಂಬರ್ ಸೇರಿಸಿಕೊಳ್ಳಿ ಅಂದೆ. ಫೋನಿನಲ್ಲಿ ಬದಲಾಯಿಸಲು ಬರುವುದಿಲ್ಲ, ಮುಂದಿನ ತಪಾಸಣೆಗೆ ಪೇಷಂಟ್ ಬಂದಾಗ ಕೌಂಟರಿನಲ್ಲಿ ಹೇಳಿ ಅಂದರು. ಮುಂದಿನ ತಪಾಸಣೆ ಇದ್ದದ್ದು ಮಳೆಗಾಲ ಮುಗಿದ ಮೇಲೆ. ಅಲ್ಲಿಯವರೆಗೆ ಅಮ್ಮನ ಕಣ್ಣು ಅಪ್ಪನ ಬ್ಯಾಟರಿಯ ಕೈಯಲ್ಲಿ.

ಅಪ್ಪನಿಗೆ ಬ್ಯಾಟರಿಯ ಬಗ್ಗೆ ಏನೂ ಗೊತ್ತಿಲ್ಲದಿದ್ದರೆ ನನ್ನ ಕೆಲಸ ಸುಲಭವಿತ್ತು. ಕಷ್ಟವೇನೆಂದರೆ ಅವರಿಗೆ ಬ್ಯಾಟರಿ ಬಹಳ ಚೆನ್ನಾಗಿ ಗೊತ್ತಿತ್ತು. ಅವರು ಸರ್ವಿಸ್ ಪೂರ್ತಿ ಕಳೆದದ್ದು ಟೆಲಿಫೋನ್ ಎಕ್ಸ್‌ಚೇಂಜಿನ ಬ್ಯಾಟರಿ ರೂಮಿನಲ್ಲಿ. ಊರಿಗೆ ಊರೇ ಕರೆಂಟ್ ಇಲ್ಲದೆ ಕತ್ತಲಲ್ಲಿದ್ದಾಗಲೂ ಮನೆಮನೆಯ ಫೋನುಗಳು ಮಾತಾಡುತ್ತಿದ್ದದ್ದು ಆ ರೂಮಿನ ದಯದಿಂದ. ಉಪ್ಪಿನಕಾಯಿ ಜಾಡಿಗಳ ಹಾಗೆ ಸಾಲು ಸಾಲು ಆಸಿಡ್ ಬ್ಯಾಟರಿಗಳು, ಅವಕ್ಕೆ ಹೊತ್ತು ಹೊತ್ತಿಗೆ ಡಿಸ್ಟಿಲ್ಡ್ ನೀರು. ಅಪ್ಪನ ಅಂಗಿಗಳ ಹೊಟ್ಟೆಯ ಭಾಗದಲ್ಲಿ ಆಸಿಡ್ ಸಿಡಿದ ತೂತುಗಳಿರುತ್ತಿದ್ದವು. "ನಿಮ್ಮಪ್ಪನ ಅಂಗೀಲಿ ಕಾಫಿ ಪುಡಿ ಸೋಸ್ಬಹುದು" ಅಂತ ಅಮ್ಮ ಬಟ್ಟೆ ಒಗೆಯುವಾಗ ಬೈಯುತ್ತಿದ್ದಳು.

ಆ ಬ್ಯಾಟರಿಗಳನ್ನು ಸಾಕುವ ನಿಯಮ ಎರಡೇ. ಒಂದು, ಅವು ಸದಾ ಚಾರ್ಜಿನ ಮೇಲೆ ಇರಬೇಕು, ತುಂಬಿಯೇ ಇರಬೇಕು. ಎರಡು, ಹೊಸ ಬ್ಯಾಟರಿ ಬಂದರೆ ಮೊದಲ ಸಲ ಅದರಿಂದ ಒಂದಿಷ್ಟೂ ಕರೆಂಟ್ ಎಳೆಯದೆ, ಯಾರೂ ಮುಟ್ಟದೆ, ಗಂಟೆಗಟ್ಟಲೆ ಚಾರ್ಜ್ ಮಾಡಬೇಕು. ಈ ಎರಡು ನಿಯಮ ಪಾಲಿಸಿದ್ದಕ್ಕೆ ಅಪ್ಪನ ಬ್ಯಾಟರಿಗಳು ಅವರಿಗಿಂತ ಮೊದಲು ರಿಟೈರ್ ಆಗಲಿಲ್ಲ. ಹಾಗಾಗಿ ಮೊಬೈಲ್ ಬಂದಾಗಲೂ ಅದೇ ಉಪಚಾರ. ಫ್ರಿಜ್ಜಿನ ಪಕ್ಕದ ಸ್ಟೆಬಿಲೈಜರ್ ಮೇಲೆ ಅದರ ಜಾಗ. ದಪ್ಪ ಕಪ್ಪು ಕವರಿನೊಳಗೆ, ಕುತ್ತಿಗೆಗೆ ವೈರು ಸಿಕ್ಕಿಸಿಕೊಂಡು, ಹಗಲೂ ರಾತ್ರಿ ಅಲ್ಲೇ. ಸ್ಟೆಬಿಲೈಜರ್ ಬೇರೆ ಸದಾ ಬೆಚ್ಚಗಿರುತ್ತದೆ. ಮುಟ್ಟಿದರೆ ಫೋನಿಗೆ ಜ್ವರ ಬಂದ ಹಾಗೆ.

ನಾನು ಮನೆಯಲ್ಲೇ ಕೂತು ಶಾಲಾ ಪುಸ್ತಕಗಳ ಅಚ್ಚು ತಿದ್ದುವವಳು. ಕೆಲಸದ ಮಧ್ಯೆ ಫೋನ್ ಬ್ಯಾಟರಿಯ ಬಗ್ಗೆ ಸಿಕ್ಕಿದ್ದನ್ನೆಲ್ಲ ಓದತೊಡಗಿದೆ. ಕಳವಳ ಇದ್ದಾಗ ಜನ ದೇವಸ್ಥಾನ ಸುತ್ತುತ್ತಾರೆ, ನಾನು ಸೆಟ್ಟಿಂಗ್ಸ್ ಸುತ್ತಿದೆ. ಕೆಳಗೆ ಹೋಗಿ ಅಪ್ಪನ ಫೋನಿನಲ್ಲಿ ಬ್ಯಾಟರಿಯ ಆರೋಗ್ಯ ತೋರಿಸುವ ಪುಟ ತೆರೆದರೆ, ತಕ್ಷಣ ಬದಲಿಸಿ ಅನ್ನುವ ಸೂಚನೆ. ಹಾಗೇ ಅಪ್ಪನ ಮುಂದೆ ಹಿಡಿದೆ.

"ಅಪ್ಪಾ, ಇದು ನಿಮ್ಮ ಎಕ್ಸ್‌ಚೇಂಜ್ ಬ್ಯಾಟರಿ ಅಲ್ಲ. ಲಿಥಿಯಂ. ಇದನ್ನ ಯಾವಾಗ್ಲೂ ಕಂಠಪೂರ್ತಿ ತುಂಬಿಸಿಟ್ರೆ ಒಳಗೊಳಗೇ ಸವೆಯತ್ತೆ. ಪೂರ್ತಿ ಖಾಲಿ ಬಿಟ್ರೂ ಕೆಡತ್ತೆ. ಇಪ್ಪತ್ತರಿಂದ ಎಂಬತ್ತರ ನಡುವೆ ಓಡಾಡ್ಕೊಂಡಿರ್ಬೇಕು."

"ಯಾರು ಹೇಳಿದ್ದು?"

"ಫೋನ್ ಮಾಡಿದೋರೇ ಹೇಳ್ತಾರೆ."

"ಅವ್ರು ಹೇಳ್ದೆ ಇರ್ತಾರಾ? ಇದು ಬೇಗ ಹಾಳಾದ್ರೆ ತಾನೇ ಇನ್ನೊಂದು ಮಾರೋಕಾಗೋದು?" ಅಪ್ಪ ಪೇಪರಿನಿಂದ ಕಣ್ಣೆತ್ತಲಿಲ್ಲ. "ಎಂಬತ್ತಕ್ಕೆ ನಿಲ್ಲಿಸ್ಬೇಕಂತೆ. ಉಳಿದ ಇಪ್ಪತ್ತು ಯಾರ ಮನೇದು?"

"ಆ ಇಪ್ಪತ್ತು ತುಂಬೋಕೆ ಹೋಗಿ ಈಗ ಹತ್ತು ನಿಮಿಷಾನೂ ನಿಲ್ತಿಲ್ವಲ್ಲ."

"ಅದಕ್ಕೇ ವೈರು ತೆಗೀಬೇಡ ಅನ್ನೋದು. ತೆಗೆದ್ರೆ ತಾನೇ ನಿಲ್ಲೋ ಪ್ರಶ್ನೆ?"

"ಅಪ್ಪಾ, ಇದನ್ನ ಮೊಬೈಲ್ ಅಂತಾರೆ!"

ಅಡುಗೆಮನೆಯಿಂದ ಅಮ್ಮ ಕೂಗಿದಳು. "ಇಬ್ಬರೂ ಬಾಯಿ ಮುಚ್ತೀರಾ? ನಿಮ್ಮ ಗಲಾಟೇಲಿ ಫೋನ್ ಬಡ್ಕೊಂಡ್ರೂ ಕೇಳ್ಸಲ್ಲ."

ಅದು ನಿಜವಾಗಿತ್ತು. ಆ ದಿನಗಳಲ್ಲಿ ನಮ್ಮ ಮನೆಯಲ್ಲಿ ಯಾರೂ ಮಿಕ್ಸಿಯನ್ನು ನೆಮ್ಮದಿಯಿಂದ ತಿರುಗಿಸಲಿಲ್ಲ. ಚಟ್ನಿ ಅರೆಯುವಾಗ ಒಬ್ಬರು ಫೋನಿನ ಹತ್ತಿರ ನಿಲ್ಲಬೇಕು. ಅಪ್ಪ ಅಮ್ಮ ಬೆಳಿಗ್ಗೆ ಪುಟ್ಟೇನಹಳ್ಳಿ ಕೆರೆಯ ಸುತ್ತ ವಾಕಿಂಗ್ ಹೋದರೆ, ಅವರು ಮರಳುವ ತನಕ ನಾನು ಸ್ಟೆಬಿಲೈಜರ್ ಪಕ್ಕ ಕುರ್ಚಿ ಎಳೆದುಕೊಂಡು ಅಚ್ಚು ತಿದ್ದುತ್ತಿದ್ದೆ. ಒಂದು ಪುಟ ಓದುವಷ್ಟರಲ್ಲಿ ನಾಲ್ಕು ಸಲ ತಿರುಗಿ ನೋಡುತ್ತಿದ್ದೆ. ಸ್ನಾನಕ್ಕೆ ಹೋದರೂ ನೀರಿನ ಸದ್ದಿನೊಳಗೆ ರಿಂಗ್ ಕೇಳಿಸಿದ ಹಾಗಾಗಿ ನಲ್ಲಿ ನಿಲ್ಲಿಸಿ ಕಿವಿಗೊಡುತ್ತಿದ್ದೆ. ಓದುತ್ತಿರುವ ನಿಮಗೆ ನಗು ಬರಬಹುದು. ಕಾದವರಿಗೆ ಗೊತ್ತು.

ಬ್ಯಾಟರಿ ಬದಲಿಸಲು ಅಪ್ಪನನ್ನು ಒಪ್ಪಿಸಿದ್ದು ನನ್ನ ಓದಲ್ಲ, ಅಮ್ಮನ ಕೈ. ಒಂದು ದಿನ ಫ್ರಿಜ್ಜಿನ ಸುತ್ತ ಒರೆಸುತ್ತಿದ್ದವಳು ಫೋನನ್ನು ಸವರಿ ನಿಂತುಬಿಟ್ಟಳು. ಮತ್ತೆ ಸವರಿದಳು.

"ಇದೇನ್ರೀ, ನಿಮ್ಮ ಫೋನಿಗೆ ಹೊಟ್ಟೆ ಬಂದಿದೆ?"

ಹೌದು. ಹಿಂದಿನ ಮುಚ್ಚಳ ಕವರನ್ನೂ ತಳ್ಳಿಕೊಂಡು ಉಬ್ಬಿತ್ತು. ಪರದೆಯ ಅಂಚು ಎದ್ದು, ಒಂದು ಉಗುರು ತೂರುವಷ್ಟು ಸಂದಿ. ನಾನು ವೈರು ಕಿತ್ತೆ. ಉಬ್ಬಿದ ಬ್ಯಾಟರಿಯನ್ನು ಒತ್ತಬಾರದು, ಚುಚ್ಚಬಾರದು, ಚಾರ್ಜಿಗಂತೂ ಹಾಕಲೇಬಾರದು, ಬೆಂಕಿ ಹೊತ್ತಿಕೊಳ್ಳಬಹುದು ಅಂತ ಓದಿದ್ದೆ. ಅಪ್ಪ ಫೋನನ್ನು ಕೈಯಲ್ಲಿ ತಿರುಗಿಸಿ ನೋಡಿದರು. ಅವರ ಮುಖದಲ್ಲಿ ಕಂಡದ್ದು ಭಯವಲ್ಲ, ಅವಮಾನ. ಅವರ ಕೈಕೆಳಗೆ ಬೆಳೆದ ಬ್ಯಾಟರಿ ಹೀಗೆ ಕೆಟ್ಟದ್ದು ಅದೇ ಮೊದಲಿರಬೇಕು.

"ನಡಿ, ಹಾಕಿಸ್ಕೊಂಡ್ ಬರೋಣ" ಅಂದರು.

ಆಟೊದಲ್ಲಿ ಜಯನಗರ ಫೋರ್ತ್ ಬ್ಲಾಕಿಗೆ ಹೋದೆವು. ಬಟ್ಟೆ ಅಂಗಡಿಗಳ ಹಿಂದೆ, ಮೆಟ್ಟಿಲ ಕೆಳಗೆ ಮೊಬೈಲ್ ರಿಪೇರಿಯ ಒಂದು ಸಣ್ಣ ಅಂಗಡಿ. ಅಂಗಡಿಯವನು ಉತ್ತರ ಕರ್ನಾಟಕದ ಕಡೆಯವನು, ಬಿಟಿಎಮ್ ಲೇಔಟಿನಲ್ಲಿ ರೂಮು ಮಾಡಿಕೊಂಡಿದ್ದಾನಂತೆ. ಫೋನ್ ನೋಡಿ ಎರಡು ಹೆಜ್ಜೆ ಹಿಂದೆ ಸರಿದ.

"ಯಪ್ಪಾ! ಇದನ್ನ ಕಿಸೆದಾಗ ಇಟ್ಕೊಂಡ ಬಂದೀರೇನ್ರಿ ಅಜ್ಜಾರ?"

"ಯಾಕಪ್ಪ?"

"ಬಾಂಬ್ ಆಗೇತ್ರಿ ಇದು. ಇಡ್ರಿ, ಸಾವಕಾಶ ಇಡ್ರಿ. ಬ್ಯಾಟ್ರಿ ಹಾಕಿ ಕೊಡ್ತೀನಿ, ಮಧ್ಯಾಹ್ನ ಊಟದ ಹೊತ್ತಿಗೆ ಬರ್ರಿ."

ಊಟದ ಹೊತ್ತಿಗೆ! ಅಷ್ಟು ಹೊತ್ತು ಕರೆ ಬಂದರೆ? ಅಪ್ಪನ ಸಿಮ್ ತೆಗೆಸಿ ನನ್ನ ಫೋನಿನ ಎರಡನೇ ಜಾಗಕ್ಕೆ ಹಾಕಿಸಿಕೊಂಡೆ. ಈಗ ಅಮ್ಮನ ಕಣ್ಣು ನನ್ನ ಬ್ಯಾಟರಿಗೆ ಬಂತು. ಗಡಿಬಿಡಿಯಲ್ಲಿ ಹೊರಟವಳು, ನನ್ನದರಲ್ಲಿ ಅರ್ಧಕ್ಕಿಂತ ಕಡಿಮೆ ಚಾರ್ಜಿತ್ತು. ಅಲ್ಲಿಂದ ಮುಂದೆ ನಾನು ಬ್ಯಾಟರಿಯನ್ನು ಬಾಣಂತಿಯ ಹಾಗೆ ನೋಡಿಕೊಂಡೆ. ಡೇಟಾ ಆಫ್. ಪರದೆಯ ಬೆಳಕು ಓದಲು ಆಗದಷ್ಟು ಕಮ್ಮಿ. ಮೆಟ್ಟಿಲ ಕೆಳಗೆ ಸಿಗ್ನಲ್ ಸರಿಯಾಗಿ ಇರಲಿಲ್ಲ. ಸಿಗ್ನಲ್ ಕ್ಷೀಣವಾಗಿರುವ ಕಡೆ ಫೋನ್ ಟವರ್ ಹುಡುಕಿ ಹುಡುಕಿಯೇ ದಣಿದು ಬೇಗ ಖಾಲಿಯಾಗುತ್ತದೆ. ಹಾಗಾಗಿ ಅಪ್ಪನನ್ನು ಎಳೆದುಕೊಂಡು ರಸ್ತೆಗೆ ಬಂದು ನಿಂತೆ. ಬಿಸಿಲು ಬಿದ್ದರೆ ಫೋನ್ ಕಾಯುತ್ತದೆ ಅಂತ ಅಲ್ಲಿಂದ ಮರದ ನೆರಳಿಗೆ. ನೆರಳಲ್ಲಿ ಜನ ಹೆಚ್ಚಾದರೆ ರಿಂಗ್ ಕೇಳಿಸದು ಅಂತ ಅಲ್ಲಿಂದ ಇನ್ನೊಂದು ಮರಕ್ಕೆ.

"ಬೆಕ್ಕು ಮರಿ ಹೊತ್ಕೊಂಡು ಜಾಗ ಬದಲಾಯಿಸಿದ ಹಾಗೆ ಓಡಾಡ್ತೀಯಲ್ಲೇ" ಅಂದರು ಅಪ್ಪ. "ಒಂದು ಕಡೆ ನಿಲ್ಲು, ಕಾಲು ನೋಯತ್ತೆ."

ಅಷ್ಟರಲ್ಲಿ ಫೋನ್ ಬಂತು. ಬೆಂಗಳೂರಿನದೇ ಲ್ಯಾಂಡ್‌ಲೈನ್ ನಂಬರ್. ಅಪ್ಪ ಕಸಿದುಕೊಂಡು ಕಿವಿಗಿಟ್ಟರು. ಆ ಕಡೆಯವರ ದನಿ ನನಗೂ ಕೇಳುವಷ್ಟು ಜೋರಾಗಿತ್ತು.

"ನಮಸ್ಕಾರ ಸಾರ್, ಕೋಣನಕುಂಟೆ ಹತ್ರ ನಮ್ಮ ಹೊಸ ಪ್ರಾಜೆಕ್ಟ್ ಇದೆ ಸಾರ್, ಟೂ ಬೆಡ್‌ರೂಮ್, ತ್ರೀ ಬೆಡ್‌ರೂಮ್..."

"ನೀವು ಆಸ್ಪತ್ರೆಯವರಾ?"

"ಅಲ್ಲ ಸಾರ್, ಆದ್ರೆ ಆಸ್ಪತ್ರೆ ಹತ್ರಾನೇ ಇದೆ ಸಾರ್. ವಾಕಬಲ್ ಡಿಸ್ಟನ್ಸ್."

"ಹಾಗಾದ್ರೆ ಇಡಪ್ಪಾ, ಇಡು. ಚಾರ್ಜ್ ಖರ್ಚಾಗತ್ತೆ."

ಅಪರಿಚಿತ ನಂಬರ್ ಎತ್ತದೆ ಇರುವ ಭಾಗ್ಯ ನಮಗಿರಲಿಲ್ಲ. ಆಸ್ಪತ್ರೆಯವರು ಯಾವ ನಂಬರಿನಿಂದ ಮಾಡುತ್ತಾರೋ ಯಾರಿಗೆ ಗೊತ್ತು? ಆ ಬೆಳಿಗ್ಗೆ ಫ್ಲ್ಯಾಟ್‌ನವರು, ವಿಮೆಯವರು, ಅಪ್ಪನಿಗೆ ವಧು ಹುಡುಕಿಕೊಡುತ್ತೇವೆ ಅಂದ ಒಬ್ಬಾಕೆ, ಎಲ್ಲರಿಗೂ ನಾವು ಮೊದಲ ರಿಂಗಿಗೇ ಸಿಕ್ಕಿದೆವು. ಆಸ್ಪತ್ರೆಯವರು ಮಾತ್ರ ಮಾಡಲಿಲ್ಲ.

ಊಟದ ಹೊತ್ತಿಗೆ ಫೋನ್ ಸಿದ್ಧವಿತ್ತು. ತೆಳ್ಳಗೆ, ಹೊಟ್ಟೆ ಕರಗಿಸಿಕೊಂಡು, ಹೊಸ ಮದುಮಗನ ಹಾಗೆ. ಅಂಗಡಿಯವನು ಸಿಮ್ ಮರಳಿ ಹಾಕಿ, ಚಾರ್ಜು ಮುಕ್ಕಾಲು ಪಾಲು ಇದ್ದದ್ದನ್ನು ತೋರಿಸಿದ.

"ಮನೀಗ್ ಹೋಗಿ ಮೊದಲ್ನೇ ಸಲ ಒಮ್ಮೆ ಫುಲ್ ಚಾರ್ಜ್ ಮಾಡ್ಕೊಳ್ರಿ ಅಜ್ಜಾರ" ಅಂದ. ರಿಪೇರಿಯವರು ಎಲ್ಲರಿಗೂ ಹೇಳುವ ಮಾತು ಅದು, ಬಾಗಿಲವರೆಗೆ ಬಂದು ಹೋಗ್ಬನ್ನಿ ಅಂದ ಹಾಗೆ.

ಅಪ್ಪ ನನ್ನ ಕಡೆ ನೋಡಿದರು. ಕೇಳಿದ್ಯಾ ಅನ್ನುವ ನೋಟ.

ಮನೆಗೆ ಬಂದು ಊಟ ಮಾಡಿದೆವು. ಎಷ್ಟೋ ದಿನಗಳ ಮೇಲೆ ಅಮ್ಮ ನಿಶ್ಚಿಂತೆಯಿಂದ ಮಿಕ್ಸಿ ತಿರುಗಿಸಿದಳು. ನಾನು ಮೇಲೆ ಹೋಗಿ, ಬಾಕಿ ಬಿದ್ದಿದ್ದ ಪುಟಗಳನ್ನು ಹರವಿಕೊಂಡು ಕೂತೆ. ಆದರೂ ಯಾಕೋ ಕಾಲು ಒಂದೇ ಸಮನೆ ಅಲುಗುತ್ತಿತ್ತು. ಒಮ್ಮೆ ಎದ್ದು ಬಾಲ್ಕನಿಯಿಂದ ಕೆಳಗೆ ಇಣುಕಿದೆ. ಏನೂ ಸದ್ದಿಲ್ಲ. ಎಲ್ಲ ಸರಿಯಾಗಿದೆ, ನಿನಗೇ ಚಟ ಹತ್ತಿದೆ ಅಂತ ನನ್ನನ್ನೇ ಬೈದುಕೊಂಡು ಮತ್ತೆ ಕೂತೆ.

ಸಂಜೆ ಕಾಫಿಗೆ ಇಳಿದೆ. ಸ್ಟೆಬಿಲೈಜರ್ ಮೇಲೆ ಫೋನ್ ಇರಲಿಲ್ಲ. ಊಟದ ಮೇಜಿನ ಮೇಲೆ, ಮಡಿಸಿದ ಬಿಳಿ ಟವೆಲ್ ಹಾಸಿ, ಅದರ ಮೇಲೆ ಮಲಗಿಸಿದ್ದರು. ಕವರು ತೆಗೆದಿತ್ತು. ಫ್ಯಾನು ಸಣ್ಣಗೆ ತಿರುಗುತ್ತಿತ್ತು. ಬ್ಯಾಟರಿಗೆ ಶಾಖ ಆಗದು ಅಂತ ನಾನು ಬಡಿದುಕೊಂಡದ್ದನ್ನು ಅಪ್ಪ ಕೊನೆಗೂ ಕೇಳಿದರಲ್ಲ ಅಂತ ಸಂತೋಷವೇ ಆಯಿತು. ಆಮೇಲೆ ಪರದೆ ಮುಟ್ಟಿದೆ. ಏಳಲಿಲ್ಲ.

"ಅಪ್ಪಾ, ಫೋನ್ ಆಫ್ ಆಗಿದೆ."

"ಆಗಿಲ್ಲ. ಮಾಡಿದೀನಿ."

"ಯಾಕೆ?"

"ಹೊಸ ಬ್ಯಾಟರಿ ಅಲ್ವೇನೇ? ಮೊದಲ ಚಾರ್ಜ್ ಆಗೋವಾಗ ಅದರಿಂದ ಏನೂ ಎಳೀಬಾರದು. ಒಂದು ಸಲ ಶಾಂತವಾಗಿ ಕುಡೀಲಿ. ಆಮೇಲೆ ನೋಡು, ಹತ್ತು ವರ್ಷ ತಕರಾರು ಮಾಡಲ್ಲ ಅದು." ಅಪ್ಪ ಹೆಮ್ಮೆಯಿಂದ ಹೇಳಿದರು. "ಆ ಹುಡುಗನೂ ಹೇಳಿದ್ನಲ್ಲ."

ನಾನು ಫೋನ್ ಆನ್ ಮಾಡಿದೆ. ಅದು ಕಣ್ಣುಬಿಟ್ಟು, ಬಣ್ಣ ಬಣ್ಣದ ಚಿತ್ರ ತೋರಿಸಿ, ಸಿಗ್ನಲ್ ಹುಡುಕಿ, ನಿಂತುಕೊಂಡಿತು. ಆಮೇಲೆ ಮೆಸೇಜುಗಳು ಬಿದ್ದವು. ನಿಮ್ಮ ಫೋನ್ ಸ್ವಿಚ್ ಆಫ್ ಆಗಿದ್ದಾಗ ಈ ನಂಬರಿನಿಂದ ಕರೆ ಬಂದಿತ್ತು. ಮತ್ತೆ ಅದೇ ನಂಬರ್. ಮತ್ತೆ ಅದೇ.

ತಿರುಗಿ ಕರೆ ಮಾಡಿ ಸ್ಪೀಕರಿಗೆ ಹಾಕಿದೆ. ಎತ್ತಿದ ಹೆಣ್ಣುಮಗಳು ಅಮ್ಮನ ಹೆಸರು ಕೇಳಿದಳು, ಕಂಪ್ಯೂಟರಿನಲ್ಲಿ ಏನೋ ನೋಡಿದಳು.

"ಮಧ್ಯಾಹ್ನದಿಂದ ಟ್ರೈ ಮಾಡಿದ್ವಿ ಮೇಡಂ. ಸ್ವಿಚ್ ಆಫ್ ಬಂತು. ಇನ್ನೊಂದು ನಂಬರ್ ಹೋಗ್ತಾನೇ ಇಲ್ಲ."

"ಈಗ ಬರ್ತೀವಿ. ಈಗಲೇ ಹೊರಡ್ತೀವಿ."

"ಇಲ್ಲ ಮೇಡಂ. ನೆಕ್ಸ್ಟ್ ಪೇಷಂಟ್‌ಗೆ ಹೇಳಾಯ್ತು. ಅವ್ರು ಬಂದು ಅಡ್ಮಿಟ್ ಕೂಡ ಆದ್ರು." ಆಕೆಯ ದನಿಯಲ್ಲಿ ಗದರಿಕೆ ಇರಲಿಲ್ಲ, ಅದೇ ಹೆಚ್ಚು ಚುಚ್ಚಿತು. "ನಿಮ್ಮ ಹೆಸರು ಹಾಗೇ ಇರತ್ತೆ. ಮತ್ತೆ ಬಂದಾಗ ಹೇಳ್ತೀವಿ. ಫೋನ್ ಆನ್ ಇಟ್ಕೊಂಡಿರಿ, ಅಷ್ಟೇ."

ಕರೆ ಮುಗಿದ ಮೇಲೆ ನಾನು ಏನೇನು ಕೂಗಿದೆ ಅಂತ ಇಲ್ಲಿ ಬರೆಯುವುದಿಲ್ಲ. ಎಕ್ಸ್‌ಚೇಂಜು, ಜಾಡಿ, ಡಿಸ್ಟಿಲ್ಡ್ ನೀರು, ಎಲ್ಲವನ್ನೂ ಎಳೆದು ತಂದೆ. ಅಪ್ಪ ಒಂದೆರಡು ಸಲ ಬಾಯಿ ತೆರೆದರು. "ಅದು ಮೊದಲ ಸಲ ಹಾಗೇನೇ..." ಅಂದು ನಿಲ್ಲಿಸಿದರು. "ಮೂರು ಗಂಟೆ ಹೊತ್ತು ಆಫ್ ಇದ್ರೆ ಏನಾಗತ್ತೆ ಅಂತ..." ಅಂದು ಅದನ್ನೂ ನಿಲ್ಲಿಸಿದರು. ಕೊನೆಗೆ ಟವೆಲನ್ನು ಎತ್ತಿ ಮಡಿಸತೊಡಗಿದರು. ಮಡಿಸಿದ್ದನ್ನೇ ಬಿಚ್ಚಿ ಮತ್ತೆ ಮಡಿಸಿದರು.

ಅಮ್ಮ ಅಲ್ಲಿಯವರೆಗೆ ಕುರ್ಚಿಯ ಬೆನ್ನು ಹಿಡಿದು ನಿಂತಿದ್ದಳು. ಅವಳಿಗೆ ನಮ್ಮಿಬ್ಬರ ಮುಖ ಕಾಣುತ್ತಿರಲಿಲ್ಲ, ದನಿ ಬಂದ ದಿಕ್ಕಿಗೆ ತಿರುಗಿದಳು.

"ಯಾರದೋ ಮನೇಲಿ ಇವತ್ತು ಹೆಣ ಎತ್ತಿದಾರೆ" ಅಂದಳು. "ಆ ಅಳುವಿನ ಮಧ್ಯೆ ಯಾರೋ ನೆನಪಿಟ್ಕೊಂಡು, ಕಣ್ಣು ತಗೊಂಡ್ಹೋಗ್ರಪ್ಪ ಅಂತ ಫೋನ್ ಮಾಡಿದಾರೆ. ನೀವಿಬ್ಬರೂ ಇಲ್ಲಿ ಬ್ಯಾಟರಿಗೆ ಕಿತ್ತಾಡ್ತಿದೀರಾ. ಯಾರಿಗೋ ಹೋಯ್ತಲ್ಲ, ಮಣ್ಣಿಗೆ ಹೋಗ್ಲಿಲ್ಲ. ಸುಮ್ನಿರಿ."

ನಾನು ಅಷ್ಟು ದಿನ ಆ ಕರೆಗಾಗಿ ಕಾದವಳು, ಅದರ ಇನ್ನೊಂದು ತುದಿಯಲ್ಲಿ ಏನಿರುತ್ತದೆ ಅಂತ ಒಮ್ಮೆಯೂ ಯೋಚಿಸಿರಲಿಲ್ಲ. ಅಮ್ಮ ದಿನವೂ ಯೋಚಿಸುತ್ತಿದ್ದಳು ಅಂತ ಕಾಣುತ್ತದೆ.

ಆಮೇಲೆ ಅವಳು ಕೈ ಚಾಚಿದಳು. "ಕೊಡಿಲ್ಲಿ."

"ಏನು?" ಅಂದರು ಅಪ್ಪ.

"ಫೋನು. ಕಣ್ಣು ನನ್ನದು. ಇನ್ನು ಅದು ನನ್ನ ಹತ್ರ ಇರತ್ತೆ."

"ನಿನಗೆ ಕಾಣ್ಸಲ್ವಲ್ಲೇ."

"ನಿಮಗೆ ಕಾಣ್ಸತ್ತಲ್ಲ, ಏನು ಕಡಿದು ಹಾಕಿದ್ರಿ?"

ಮಾರನೆಯ ದಿನವೇ ನಾನು ಅವಳನ್ನು ಕರೆದುಕೊಂಡು ಆಸ್ಪತ್ರೆಗೆ ಹೋದೆ. ತಪಾಸಣೆಯ ದಿನವಲ್ಲದಿದ್ದರೂ ಕೌಂಟರಿನ ಮುಂದೆ ನಿಂತು, ಲ್ಯಾಂಡ್‌ಲೈನ್ ನಂಬರ್ ಹೊಡೆದುಹಾಕಿಸಿ ನನ್ನ ನಂಬರ್ ಬರೆಸಿದೆವು. ಅಪ್ಪನ ಸಿಮ್ಮಿನ ಫೋನು ಸಿಗದಿದ್ದರೆ ಕರೆ ತಾನಾಗಿ ನನಗೆ ತಿರುಗುವ ವ್ಯವಸ್ಥೆಯನ್ನು ಅಪ್ಪನೇ ಮಾಡಿದರು. ಸ್ಟಾರು, ಹ್ಯಾಶು ಒತ್ತಿ ಮಾಡಿ ಮುಗಿಸಿದರು. ಕರೆಗಳನ್ನು ತಿರುಗಿಸುವ ಕಟ್ಟಡದಲ್ಲೇ ದುಡಿದವರು, ಬ್ಯಾಟರಿಯ ಧ್ಯಾನದಲ್ಲಿ ಅದನ್ನೇ ಮರೆತಿದ್ದರು. ಆಮೇಲೆ ಬಹಳ ದಿನ ಅವರು ಆ ಫೋನನ್ನು ಮುಟ್ಟಲಿಲ್ಲ.

ಅಮ್ಮ ಹಳೆಯ ರವಿಕೆ ಬಟ್ಟೆಯಲ್ಲಿ ನನ್ನಿಂದ ಒಂದು ಚೀಲ ಹೊಲಿಸಿಕೊಂಡು, ಫೋನನ್ನು ಅದರಲ್ಲಿಟ್ಟು ಕೊರಳಿಗೆ ಹಾಕಿಕೊಂಡಳು. ದಪ್ಪ ಕವರು ಬೇಡ ಅಂದಳು, ಬಿಸಿಯಾದರೆ ಎದೆಗೇ ತಿಳಿಯುತ್ತದಂತೆ. ಕರೆ ಬಂದರೆ ಯಾವ ಕಡೆ ಬೆರಳು ಎಳೆಯಬೇಕು ಅಂತ ಕಲಿತಳು. ಮೊದಮೊದಲು ಎಲ್ಲರ ಕರೆಯನ್ನೂ ಕತ್ತರಿಸಿ, ನೆಂಟರಿಷ್ಟರಿಗೆ ಸಿಟ್ಟು ಬರಿಸಿದಳು. ಚಾರ್ಜು ಎಷ್ಟಿದೆ ಅಂತ ಫೋನ್ ಬಾಯಿಬಿಟ್ಟು ಹೇಳುವ ಹಾಗೆ ನಾನು ಮಾಡಿಕೊಟ್ಟೆ. ಎಂಬತ್ತಕ್ಕೆ ತಾನಾಗಿ ನಿಲ್ಲುವ ಸೌಕರ್ಯ ಆ ಹಳೆಯ ಫೋನಿನಲ್ಲಿ ಇರಲಿಲ್ಲ. ಅದಕ್ಕೂ ಅವಳೇ ದಾರಿ ಕಂಡುಕೊಂಡಳು. ಬೆಳಿಗ್ಗೆ ಹುಳಿಗೆ ಬೇಳೆ ಇಡುವಾಗ ಚಾರ್ಜಿಗೆ ಹಾಕುವುದು, ಒಗ್ಗರಣೆ ಬಿದ್ದ ಕೂಡಲೇ ತೆಗೆಯುವುದು. ನಾನು ನೋಡಿದಾಗಲೆಲ್ಲ ಎಂಬತ್ತರ ಆಚೀಚೆ ಇರುತ್ತಿತ್ತು. ಸಂಜೆಯವರೆಗೂ ಆರಾಮಾಗಿ ಬರುತ್ತಿತ್ತು.

"ತೊಂಬತ್ತಾದ್ರೂ ಆಗ್ಲಿ ಬಿಡೇ" ಅಂತ ಅಪ್ಪ ಒಮ್ಮೆ ಮೆಲ್ಲಗೆ ಅಂದರು.

"ನಿಮ್ಮ ಬ್ಯಾಟರಿ ರೂಮಿಗೆ ಬೀಗ ಹಾಕಾಯ್ತು, ಸುಮ್ನಿರಿ."

ಅಪ್ಪ ಪೇಪರ್ ಎತ್ತಿಕೊಂಡರು. ಆದರೆ ಅವರ ಚಡಪಡಿಕೆ ನನಗೆ ಕಾಣುತ್ತಿತ್ತು. ಅಮ್ಮ ಮಲಗಿದ್ದಾಗ ಬಂದು ಚೀಲದ ಕಡೆ ನೋಡಿ ಹೋಗುತ್ತಿದ್ದರು. ಪೇಪರ್ ಓದುತ್ತಾ ಅದೇ ಪುಟದಲ್ಲಿ ಕೂತಿರುತ್ತಿದ್ದರು. ನನ್ನದೂ ಅದೇ ಕತೆ. ಎರಡು ನಂಬರ್ ಇದೆ, ಹೊಸ ಬ್ಯಾಟರಿ ಇದೆ, ಕರೆ ತಿರುಗುವ ವ್ಯವಸ್ಥೆ ಇದೆ, ಆದರೂ ನನಗೆ ಒಂದು ಕಡೆ ಕೂರಲು ಆಗುತ್ತಿರಲಿಲ್ಲ. ಫೋನಿನ ಬ್ಯಾಟರಿ ಹೇಗೆ ಬಾಳಿಸಬೇಕು ಅಂತ ಯಾರು ಕೇಳಿದರೂ ಭಾಷಣ ಮಾಡಬಲ್ಲೆ. ನನ್ನನ್ನು ಎಲ್ಲಿ ಹೇಗೆ ಆಫ್ ಮಾಡಿಕೊಳ್ಳಬೇಕು ಅಂತ ಮಾತ್ರ ತಿಳಿಯಲಿಲ್ಲ. ಕೊನೆಗೆ ಅವರ ಜೊತೆ ನಾನೂ ವಾಕಿಂಗ್ ಹೋಗತೊಡಗಿದೆ. ಕೂತು ಕಾಯುವುದಕ್ಕಿಂತ ನಡೆದು ಕಾಯುವುದು ವಾಸಿ.

ಮಳೆ ಹಿಂದೆಗೆದಿತ್ತು. ಪುಟ್ಟೇನಹಳ್ಳಿ ಕೆರೆ ತುಂಬಿತ್ತು. ಅಪ್ಪ ಮುಂದೆ, ಅವರ ಮೊಣಕೈ ಹಿಡಿದು ಅಮ್ಮ, ಹಿಂದೆ ನಾನು. ಅಮ್ಮ ಕೆರೆಯ ಕಡೆ ಮುಖ ಮಾಡಿ, "ಇವತ್ತು ಹಕ್ಕಿ ಜಾಸ್ತಿ ಇದಾವೆ" ಅಂತ ಕೂಗು ಕೇಳಿಯೇ ಲೆಕ್ಕ ಹೇಳುತ್ತಿದ್ದಳು. ಆಗ ಅವಳ ಎದೆಯ ಮೇಲಿನ ಚೀಲ ನಡುಗಿತು, ಆಮೇಲೆ ರಿಂಗ್ ಕೇಳಿಸಿತು.

ಅಮ್ಮ ಫೋನ್ ಹೊರತೆಗೆದು ಬೆರಳು ಎಳೆದಳು. ರಿಂಗ್ ನಿಂತಿತು. ಕತ್ತರಿಸಿಬಿಟ್ಟಿದ್ದಳು.

"ಅಯ್ಯೋ!" ಅಂದೆವು ನಾನೂ ಅಪ್ಪನೂ ಒಟ್ಟಿಗೆ. ಅಪ್ಪನ ಕೈ ಫೋನಿನ ಕಡೆ ಹೋಯಿತು. ಅಮ್ಮ ಅದರ ಮೇಲೆ ಪಟ್ಟನೆ ಹೊಡೆದಳು.

"ಮುಟ್ಬೇಡಿ. ಮತ್ತೆ ಮಾಡ್ತಾರೆ."

ಮಾಡದಿದ್ದರೆ? ನಾನು ನನ್ನ ಫೋನನ್ನು ಕೈಯಲ್ಲಿ ಹಿಡಿದು ದಿಟ್ಟಿಸಿದೆ. ಅಪ್ಪ ಕೆರೆಯ ಬೇಲಿಯ ಕಂಬಿ ಹಿಡಿದುಕೊಂಡರು. ಪಕ್ಕದಲ್ಲಿ ಯಾರೋ ಅಂಕಲ್ ಚಪ್ಪಾಳೆ ತಟ್ಟುತ್ತಾ ಹಿಂದುಮುಂದಾಗಿ ನಡೆಯುತ್ತಾ ಹೋದರು. ಅವರನ್ನು ಕೆರೆಗೆ ತಳ್ಳಿಬಿಡಬೇಕು ಅನ್ನಿಸಿತು ನನಗೆ.

ಮತ್ತೆ ರಿಂಗಾಯಿತು. ಈ ಸಲ ಅಮ್ಮ ಹೆಬ್ಬೆರಳಿನಿಂದ ಪರದೆಯ ಅಂಚು ಸವರಿ, ಜಾಗ ಗೊತ್ತುಮಾಡಿಕೊಂಡು, ನಿಧಾನವಾಗಿ ಎಳೆದಳು.

"ಹಲೋ. ಹೌದು, ನಾನೇ. ಪೇಷಂಟೇ ಮಾತಾಡ್ತಿರೋದು." ಸ್ವಲ್ಪ ಹೊತ್ತು ಕೇಳಿಸಿಕೊಂಡಳು. "ಮನೆಯವ್ರು ಇದಾರಮ್ಮ, ಪಕ್ಕದಲ್ಲೇ ಇದಾರೆ. ಅವ್ರಿಗೆ ಕೊಡಲ್ಲ. ನನಗೇ ಹೇಳು."

ನಾವಿಬ್ಬರೂ ಅವಳ ಮುಖಕ್ಕೆ ಮುಖ ಕೊಟ್ಟು ನಿಂತೆವು. ಅವಳು ಹೂಂ, ಹೂಂ ಅನ್ನುತ್ತಾ ಒಂದೊಂದನ್ನೇ ಗಟ್ಟಿಯಾಗಿ ತಿರುಗಿ ಹೇಳಿದಳು. "ತಲೆಗೆ ಸ್ನಾನ ಮಾಡ್ಕೊಂಡು ಬರ್ಬೇಕು. ಬಿಪಿ ಮಾತ್ರೆ ಬಿಡಬಾರದು. ಹಳೇ ರಿಪೋರ್ಟೆಲ್ಲಾ ತರ್ಬೇಕು. ಮಧ್ಯಾಹ್ನದೊಳಗೆ ಅಲ್ಲಿರ್ಬೇಕು. ಸರಿ." ಆಮೇಲೆ ಕೇಳಿದಳು. "ಕೊಟ್ಟೋರು ವಯಸ್ಸಾದೋರಾ? ... ಹೇಳೋ ಹಾಗಿಲ್ವಾ? ಆಯ್ತು ಬಿಡಮ್ಮ. ಅವ್ರ ಮನೆಯವ್ರು ಸಿಕ್ರೆ, ಒಬ್ಬಳು ಕೈ ಮುಗಿದ್ಲು ಅಂತ ಹೇಳು."

ಅವಳು ಫೋನನ್ನು ಚೀಲಕ್ಕೆ ಇಳಿಬಿಟ್ಟು, ಸೆರಗು ಸರಿಮಾಡಿಕೊಂಡು, ಎರಡೂ ಕೈ ಎದೆಗೆ ತಂದು ಕೆರೆಯ ಕಡೆ ನಿಂತಳು. ತಿರುಗಿ ನೋಡಿದರೆ ಅಪ್ಪ ಇಲ್ಲ. ಆಟೊ ಹಿಡಿಯಲು ಗೇಟಿನ ಕಡೆ ಓಡುತ್ತಿದ್ದರು. ಆ ವಯಸ್ಸಿನಲ್ಲಿ, ಆ ಮಂಡಿಯಲ್ಲಿ, ಒಂದು ಚಪ್ಪಲಿ ಕಳಚಿ ಹಿಂದೆ ಬಿದ್ದದ್ದನ್ನೂ ನೋಡದೆ.

ಆ ಚಪ್ಪಲಿಯ ಸದ್ದಿನಿಂದಲೇ ಅಮ್ಮನಿಗೆ ತಿಳಿಯಿತು.

"ರೀ!" ಅಂತ ಕೆರೆಗೆಲ್ಲ ಕೇಳುವ ಹಾಗೆ ಕೂಗಿದಳು. "ಕಣ್ಣು ಹಾಕಿಸ್ಕೋಬೇಕಾದೋಳು ನಾನು! ನನ್ನ ಇಲ್ಲೇ ಬಿಟ್ಟು ಎಲ್ಲಿಗೆ ಓಡ್ತೀರಾ?"